ಗೂಗಲ್ ಗೆರೆ, ಖೇಲ್ ರತ್ನ ಮತ್ತು ನಮ್ಮೂರ ಹೋರಿ

ದೀಪಾವಳಿಗೆ ಹಾನಗಲ್ಲಿಗೆ ಹೋಗಿದ್ದೆ. ಬೆಂಗಳೂರಿನಿಂದ ಹೊರಡೋ ಹಿಂದಿನ ದಿನ ಆಫೀಸಿನ ಗೆಳೆಯನೊಬ್ಬ ತಲೆಗೆ ಹುಳ ಬಿಟ್ಟಿದ್ದ. "ಖೇಲ್ ರತ್ನ ಯಾರಿಗೆ ಅಂತ ಕಮಿಟಿಗಿಂತ ಮೊದಲೇ ನಾನು ಹೇಳ್ತೀನಿ. ಗೂಗಲ್ ಟ್ರೆಂಡ್ಸಿನಲ್ಲಿ ಯಾರ ಗೆರೆ ಮೇಲಿರುತ್ತೋ ಅವರಿಗೇ" ಅಂತ. ಶನಿವಾರ ಭಾನುವಾರ ಕೂತು ಪೈಥಾನಿನಲ್ಲಿ ಸ್ಕ್ರಿಪ್ಟ್ ಬೇರೆ ಬರೆದಿದ್ದಾನೆ ಪುಣ್ಯಾತ್ಮ! ನಾನೂ ಇಂಜಿನಿಯರೇ ಅಲ್ವಾ, ಮೊದಲು ಖುಷಿಯೇ ಆಯ್ತು :-)

ಬಸ್ಸಿನಲ್ಲಿ ನಿದ್ದೆ ಬರಲಿಲ್ಲ, ಹಳೇ ವರ್ಷಗಳನ್ನು ಲೆಕ್ಕ ಹಾಕ್ತಾ ಕೂತೆ. ಬರೀ ಹುಡುಕಾಟ ನೋಡಿದ್ರೆ ವಿರಾಟ್ ಕೊಹ್ಲಿಗೆ ಪ್ರತಿ ವರ್ಷ ಕೊಡಬೇಕು. 2017ರಲ್ಲಿ ಬಂದಿದ್ದು ಜಾವೆಲಿನ್ ಎಸೆಯುವ ಪ್ಯಾರಾ ಅಥ್ಲೀಟ್ ದೇವೇಂದ್ರ ಝಝಾರಿಯಾಗೆ, ಹಾಕಿಯ ಸರ್ದಾರ್ ಸಿಂಗ್‌ಗೆ. ಸ್ಕ್ರಿಪ್ಟ್ ಫೇಲ್. 2018ರಲ್ಲಿ ಕೊಹ್ಲಿಗೆ ಬಂತು, ಜೊತೆಗೆ ಮೀರಾಬಾಯಿ ಚಾನುಗೆ. ಸ್ಕ್ರಿಪ್ಟ್ ಅರ್ಧ ಪಾಸ್! ಆದ್ರೆ ಪದಕಗಳ ಪಾಯಿಂಟ್ ಪಟ್ಟಿಯಲ್ಲಿ ಆ ವರ್ಷ ಕುಸ್ತಿಯ ಬಜರಂಗ್ ಪೂನಿಯಾ, ವಿನೇಶ್ ಫೋಗಟ್ ಇಬ್ಬರಿಗೂ 80 ಇತ್ತು. ಕೊಹ್ಲಿಗೆ ಸೊನ್ನೆ, ಯಾಕಂದ್ರೆ ಕ್ರಿಕೆಟ್ಟಿಗೆ ಆ ಪಟ್ಟಿಯಲ್ಲಿ ಪಾಯಿಂಟೇ ಇರಲಿಲ್ಲ.

ನಿಜ ಹೇಳ್ತೀನಿ, ಸ್ಕ್ರಿಪ್ಟ್ ತಪ್ಪಿದ ವರ್ಷಗಳ ಬಗ್ಗೆ ನನಗೆ ಚಿಂತೆಯಿಲ್ಲ. ಸರಿ ಹೇಳಿದ ವರ್ಷಗಳೇ ಕಸಿವಿಸಿ.

2015 ನೋಡಿ. ನಮ್ಮ ಹಾಸನ ಜಿಲ್ಲೆಯ ಗಿರೀಶ ಎಚ್.ಎನ್. 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರ್ ಹೈಜಂಪ್ ಮಾಡಿ ಬೆಳ್ಳಿ ಗೆದ್ದವರು. ಆ ಕೂಟದಲ್ಲಿ ಇಡೀ ಭಾರತಕ್ಕೆ ಬಂದಿದ್ದು ಅದೊಂದೇ ಪದಕ. ಖೇಲ್ ರತ್ನ ಸಾನಿಯಾ ಮಿರ್ಜಾಗೆ ಅಂತಾದಾಗ, ಪಾಯಿಂಟ್ ಪದ್ಧತಿಯಲ್ಲಿ ನನಗೆ 90 ಇದೆ, ನಾನೇ ಮುಂದಿದ್ದೇನೆ ಅಂತ ಗಿರೀಶ ಕರ್ನಾಟಕ ಹೈಕೋರ್ಟಿಗೆ ಹೋದರು. ಕೋರ್ಟು ನೋಟಿಸ್ ಕೊಟ್ಟಿತು. ಆಗಸ್ಟ್ 29ಕ್ಕೆ ಪ್ರಶಸ್ತಿ ಸಾನಿಯಾ ಕೈ ಸೇರಿತು. ಸಾನಿಯಾದು ಸಣ್ಣ ಸಾಧನೆಯಲ್ಲ ಮತ್ತೆ, ಅದೇ ವರ್ಷ ಡಬಲ್ಸಿನಲ್ಲಿ ವಿಶ್ವದ ನಂಬರ್ ಒನ್, ಹಿಂಗಿಸ್ ಜೊತೆ ವಿಂಬಲ್ಡನ್. ನನ್ನ ತಕರಾರು ಅವರ ಮೇಲಲ್ಲ. ಸಾನಿಯಾ, ಗಿರೀಶ ಎರಡು ಹೆಸರನ್ನೂ ಟ್ರೆಂಡ್ಸಿಗೆ ಹಾಕಿದ್ರೆ ಏನಾಗುತ್ತೆ ಯೋಚಿಸಿ. ದೊಡ್ಡ ಹೆಸರಿಗೆ 100 ಇಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸಿ ತೋರಿಸೋದು ಅದರ ಪದ್ಧತಿ. ಗಿರೀಶರ ಗೆರೆ ನೆಲಕ್ಕೆ ಅಂಟಿರುತ್ತೆ. ಗೆಳೆಯ "ನೋಡು, ನಾನು ಹೇಳಿರಲಿಲ್ವಾ" ಅಂತಾನೆ!

ಜನ ಹುಡುಕೋದು ಮೆಚ್ಚಿಯೇ ಅಂತೇನೂ ಇಲ್ಲ. 2016ರಲ್ಲಿ ಸಿಂಧು ರಿಯೋದಲ್ಲಿ ಬೆಳ್ಳಿ ಗೆದ್ದಾಗ ಆಕೆಯ ಜಾತಿ ಯಾವುದು ಅಂತ ಗೂಗಲಿನಲ್ಲಿ ಹುಡುಕಿದ್ದೇ ಪೇಪರುಗಳಲ್ಲಿ ಸುದ್ದಿಯಾಗಿತ್ತು. ಗೆರೆ ಏರೋದು ಅದಕ್ಕೂ ಏರುತ್ತೆ. ಸ್ವತಃ ಗೂಗಲ್ಲೇ 2008ರಲ್ಲಿ ಹುಡುಕಾಟ ನೋಡಿ ಫ್ಲೂ ಜ್ವರ ಎಷ್ಟಿದೆ ಅಂತ ಅಂದಾಜಿಸೋಕೆ ಹೊರಟು, ಲೆಕ್ಕ ವಿಪರೀತ ಜಾಸ್ತಿ ಬಂದು, 2015ರಲ್ಲಿ ಅಂಗಡಿ ಮುಚ್ಚಿತು.

ಇನ್ನು ಊರಿನ ಕಥೆ. ಹಬ್ಬ ಮುಗೀತಿದ್ದಂಗೆ ನಮ್ಮ ಕಡೆ ಹೋರಿ ಬೆದರಿಸೋದು ಶುರು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಎಲ್ಲಿ ನೋಡಿದ್ರೂ ಅದೇ ಮಾತು. ಕೊರಳ ತುಂಬ ಕೊಬ್ಬರಿ, ಕೊಂಬಿಗೆ ಬಲೂನು. ಕೊಬ್ಬರಿಗೆ ಕೈ ಹಾಕಗೊಡದೆ ಓಡಿದ ಹೋರಿಗೆ ಬಹುಮಾನ. ನಮ್ಮ ಓಣಿಯ ಮೂರನೇ ಕ್ಲಾಸಿನ ಹುಡುಗ ಇಪ್ಪತ್ತು ಹೋರಿಗಳ ಹೆಸರು ಉಸಿರು ಬಿಡದೆ ಹೇಳಿದ. ಕಟ್ಟೆ ಮೇಲೆ ಕೂತು ಮೊಬೈಲಿನಲ್ಲಿ ಒಂದೊಂದನ್ನೇ ಟ್ರೆಂಡ್ಸಿಗೆ ಹಾಕಿದೆ, ಕನ್ನಡದಲ್ಲೂ, ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲೂ. ಸಾಕಷ್ಟು ಡೇಟಾ ಇಲ್ಲವಂತೆ!

ಸವಣೂರಿನಿಂದ ಬಂದಿದ್ದ ಕಾಕಾ ಬಗ್ಗಿ ನೋಡಿ ಕೇಳಿದ್ರು, "ಏನೋ ತಮ್ಮಾ ಅದು?"

"ಯಾವ ಹೋರಿ ಗೆಲ್ತದ ಅಂತ ನೋಡಾಕತ್ತೇನಿ ಕಾಕಾ."

"ಅದಕ್ಯಾಕ ಮೊಬೈಲ್? ನಡಿ ಅಖಾಡಕ್ಕ ಹೋಗೂಣು."

ಬ್ಲಾಗ್ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನುಡಿ, ಬರಹದ ಹಳೇ ಫಾಂಟಿನಲ್ಲಿ ಬರೆದಿದ್ದು ಗೂಗಲಿಗೆ ಸಿಗದೆ, ಕನ್ನಡದಲ್ಲಿ ಏನೂ ಇಲ್ಲ ಅಂತ ಅನ್ನಿಸಿಕೊಂಡವರು ನಾವು. ಪ್ರಶಸ್ತಿ ಕಮಿಟಿಯವರೂ ನಾಳೆ ಇಂಥ ಗೆರೆ ನೋಡೋಕೆ ಶುರು ಮಾಡಿದ್ರೆ, ಹಳ್ಳಿ ಗರಡಿಯ ಹುಡುಗನಿಗೂ ಖೋ ಖೋ ಆಡೋ ಹುಡುಗಿಗೂ ಅದೇ ಗತಿ.

ವಾಪಸ್ ಬಂದು ಗೆಳೆಯನಿಗೆ ಗಿರೀಶರ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಕ್ರಿಪ್ಟಿಗೆ ಪಾಯಿಂಟ್ ಪಟ್ಟಿಯ ಕಾಲಮ್ಮೂ ಸೇರಿಸ್ತೀನಿ ಅಂದ. ಗೆರೆಗೂ ಪಾಯಿಂಟಿಗೂ ಎಷ್ಟು ವರ್ಷ ಜಗಳ ಆಗಿದೆ ಅಂತ ಇಬ್ಬರೂ ಕೂತು ನೋಡ್ತಿದೀವಿ. ಮುಗಿದ ಮೇಲೆ ಇಲ್ಲೇ ಹಾಕ್ತೀನಿ. ನಿಮ್ಮೂರ ಕಡೆ ಗೆರೆಗೆ ಸಿಗದ ಆಟಗಾರರು ಯಾರಿದ್ದಾರೆ? ಹೆಸರು ಕಾಮೆಂಟಿಸಿ, ಯೂನಿಕೋಡಿನಲ್ಲಿ :-)