ತಿಮಿಂಗಿಲ ನೋಡ್ಲಿಕ್ಕೆ ಯಾವ ಬಂದರು? ಗ್ಯಾರಂಟಿ ಕೊಡದ ಬಂದರು!

ಶಿರ್ವದಲ್ಲಿ ಕೂತವನಿಗೆ ಅಲಾಸ್ಕಾದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಯಾಕೆಂದರೆ ಜನ ಕೇಳ್ತಾರೆ ಮಾರಾಯ್ರೆ! ನಮ್ಮ ಕಡೆ ಮನೆಗೊಬ್ಬರು ಮುಂಬಯಿಯಲ್ಲೋ ದುಬೈಯಲ್ಲೋ ಇರುವುದು ಹಳೆಯ ಸಂಗತಿ. ಈಗ ಅದಕ್ಕೆ ಸಿಯಾಟಲ್, ಟೊರೊಂಟೊ ಕೂಡ ಸೇರಿದೆ. ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಾರೆ, ಅಲ್ಲಿಯ ಬೇಸಿಗೆಯಲ್ಲಿ ಏಳು ದಿನದ ಅಲಾಸ್ಕಾ ಕ್ರೂಸ್ ಹತ್ತಿಸುತ್ತಾರೆ. ಕಡಲಿನ ಬಗ್ಗೆ ಆಗಾಗ ಏನಾದರೂ ಬರೆಯುವವನು ಅಂತ ನನಗೆ ಪ್ರಶ್ನೆ ಬರುತ್ತದೆ: "ಹಡಗು ಮೂರು ನಾಲ್ಕು ಕಡೆ ನಿಲ್ಲುತ್ತದೆ. ತಿಮಿಂಗಿಲ ನೋಡ್ಲಿಕ್ಕೆ ಯಾವ ಬಂದರಿನಲ್ಲಿ ಬೋಟ್ ಬುಕ್ ಮಾಡುವುದು? ಎಲ್ಲಿ ಗ್ಯಾರಂಟಿ ಕಾಣ್ತದೆ?"

ಮೊದಲನೇ ಪ್ರಶ್ನೆಗೆ ಉತ್ತರ ಉಂಟು, ಕೆಳಗೆ ಹೇಳಿದ್ದೇನೆ. ನನ್ನ ಜಗಳ ಇರುವುದು ಎರಡನೇ ಪ್ರಶ್ನೆಯ ಜೊತೆ. ಆ 'ಗ್ಯಾರಂಟಿ' ಎಂಬ ಒಂದು ಶಬ್ದ ಅಲಾಸ್ಕಾದಿಂದ ಗೋವಾದವರೆಗೆ ಕಡಲಿನ ಪ್ರಾಣಿಗಳ ಜೀವ ಹಿಂಡುತ್ತಿದೆ. ಅದಕ್ಕೆ ದುಡ್ಡು ಕೊಡುವವರು ನಾವು, ಪ್ರವಾಸ ಕಥನದಲ್ಲಿ ಅದನ್ನು ಹೊಗಳುವವರೂ ನಮ್ಮವರೇ.

ಮೊದಲು ಬಂದರಿನ ವಿಷಯ ಮುಗಿಸುತ್ತೇನೆ.

ಅಲಾಸ್ಕಾಕ್ಕೆ ಬರುವ ಗೂನುಬೆನ್ನಿನ ತಿಮಿಂಗಿಲಗಳಲ್ಲಿ ಹೆಚ್ಚಿನವು ಚಳಿಗಾಲವನ್ನು ಹವಾಯಿಯಲ್ಲಿ ಕಳೆಯುತ್ತವೆ. ಅಲ್ಲಿ ಮರಿ ಹಾಕುತ್ತವೆ, ಆದರೆ ತಿನ್ನುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆಮೇಲೆ ಸುಮಾರು 4,500 ಕಿಲೋಮೀಟರ್ ಈಜಿಕೊಂಡು ಉತ್ತರಕ್ಕೆ ಬರುತ್ತವೆ. ಬರುವುದು ಊಟಕ್ಕೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ತಿಂದು ಮೈಗೆ ಕೊಬ್ಬು ಕಟ್ಟಿಕೊಂಡರೆ ಮಾತ್ರ ಮುಂದಿನ ಚಳಿಗಾಲದ ಉಪವಾಸ, ಹೆರಿಗೆ, ಬಾಣಂತನ ಎಲ್ಲ ಸಾಗಬೇಕು. ಹಾಗಾಗಿ ಯಾವ ಬಂದರು ಎನ್ನುವುದನ್ನು ತೀರ್ಮಾನಿಸುವುದು ಹೆರಿಂಗ್ ಮೀನು, ಕ್ರಿಲ್ ಸಿಗಡಿ ಮತ್ತು ನೀರಿನ ಸೆಳೆತ.

ಸ್ಕ್ಯಾಗ್ವೇ: ಉದ್ದನೆಯ ಕಣಿವೆಯಂಥ ಕಡಲಿನ ತುದಿಯಲ್ಲಿದೆ. ಅಲ್ಲಿ ಹಳೆಯ ಬೆಟ್ಟದ ರೈಲು ಹತ್ತಿ, ತಿಮಿಂಗಿಲಕ್ಕೆ ದುಡ್ಡು ಹಾಕಬೇಡಿ.

ಕೆಚಿಕನ್: ಕಾಣಲೂಬಹುದು, ಆದರೆ ತಿಮಿಂಗಿಲಕ್ಕೆಂದೇ ಆರಿಸುವ ಬಂದರು ಇದಲ್ಲ.

ಜೂನೊ: ತಿಮಿಂಗಿಲ ಧಾರಾಳ. ಹಡಗುಕಟ್ಟೆಯಿಂದ ಬಸ್ಸಿನಲ್ಲಿ ಸುಮಾರು 20 ಕಿಲೋಮೀಟರ್ ದೂರದ ಆಕ್ ಬೇಗೆ ಹೋಗಿ ಬೋಟು ಹತ್ತಬೇಕು. ಆದರೆ ಜನಜಂಗುಳಿ! ಮೂವತ್ತು ಸಾವಿರ ಚಿಲ್ಲರೆ ಜನ ಇರುವ ಆ ಊರಿಗೆ 2023ರಲ್ಲಿ ಕ್ರೂಸಿನಲ್ಲಿ ಬಂದವರು 16 ಲಕ್ಷಕ್ಕೂ ಮಿಕ್ಕಿ. ಕೊನೆಗೆ ಊರಿನವರು ಹಡಗು ಕಂಪನಿಗಳ ಜೊತೆ ಕೂತು, 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಅಂತ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಐಸಿ ಸ್ಟ್ರೇಟ್ ಪಾಯಿಂಟ್: ಹೂನಾ ಎಂಬ ಟ್ಲಿಂಗಿಟ್ ಮೂಲನಿವಾಸಿಗಳ ಊರು. 1912ರ ಹಳೆಯ ಸಾಲ್ಮನ್ ಡಬ್ಬಿ ಕಾರ್ಖಾನೆಯನ್ನೇ ಬಂದರು ಮಾಡಿದ್ದಾರೆ, ಅದರ ಒಡೆತನವೂ ಆ ಜನರ ಸಂಸ್ಥೆಯದ್ದೇ. ಕಟ್ಟೆಯಿಂದ ಸ್ವಲ್ಪ ದೂರದ ಪಾಯಿಂಟ್ ಅಡಾಲ್ಫಸ್ ಹತ್ತಿರ ಉಬ್ಬರ ಇಳಿತದ ಸೆಳೆತ ಜೋರು. ಅದು ಕೆಳಗಿನ ಆಹಾರವನ್ನು ಮೇಲಕ್ಕೆ ತರುತ್ತದೆ, ತಿಮಿಂಗಿಲಗಳು ಅಲ್ಲಿ ಸೇರುತ್ತವೆ. ಬಸ್ ಪ್ರಯಾಣ ಇಲ್ಲ, ಬೋಟಿನಲ್ಲಿ ದೂರ ಹೋಗುವುದೂ ಬೇಡ. ಸೊಂಟ ನೋವಿನ ಅಪ್ಪ ಅಮ್ಮನಿಗೆ ಇದು ಮೇಲು.

ಆದರೆ ನನ್ನನ್ನು ಕೇಳಿದರೆ ಐದನೆಯದು ಒಂದು ಉಂಟು: ಗ್ಲೇಶಿಯರ್ ಬೇ. ಅದು ಬಂದರೇ ಅಲ್ಲ, ಹಡಗಿಂದ ಇಳಿಯಲಿಕ್ಕೇ ಇಲ್ಲ. ರಾಷ್ಟ್ರೀಯ ಉದ್ಯಾನ ಆದ್ದರಿಂದ ದಿನಕ್ಕೆ ಎರಡೇ ಕ್ರೂಸ್ ಹಡಗಿಗೆ ಪ್ರವೇಶ, ತಿಮಿಂಗಿಲ ಇರುವ ಕಡೆ ವೇಗಕ್ಕೂ ಮಿತಿ. ಒಳಗೆ ಹೋಗುವ ದಾರಿಯೇ ಆ ಐಸಿ ಸ್ಟ್ರೇಟ್. ಸ್ವೆಟರ್ ಹಾಕಿಕೊಂಡು, ಒಂದು ಬೈನಾಕ್ಯುಲರ್ ಹಿಡಿದು ಡೆಕ್ಕಿನ ಮೇಲೆ ಕೂತರಾಯಿತು. ಯಾರೂ ಯಾರನ್ನೂ ಅಟ್ಟಿಕೊಂಡು ಹೋಗುವುದಿಲ್ಲ. ಮೇಲಿಂದ ಒಂದು ಪೈಸೆ ಖರ್ಚೂ ಇಲ್ಲ.

(ನಾರ್ವೆಗೆ ಹೋಗುವವರಿಗೆ ಒಂದು ಕಿವಿಮಾತು. ಟ್ರೊಮ್ಸೊ ಕಡೆಯ ಓರ್ಕಾ ಚಿತ್ರಗಳನ್ನು ನೋಡಿ ಜೂನ್ ತಿಂಗಳ ಕ್ರೂಸ್ ಬುಕ್ ಮಾಡಬೇಡಿ. ಅಲ್ಲಿ ಓರ್ಕಾ ಬರುವುದು ಹೆರಿಂಗ್ ಮೀನಿನ ಹಿಂದೆ, ನವೆಂಬರ್‌ನಿಂದ ಜನವರಿ ಸುಮಾರಿಗೆ.)

ಈಗ ಜಗಳಕ್ಕೆ ಬರೋಣ.

ಜೂನೊದಲ್ಲಿ 'ತಿಮಿಂಗಿಲ ಕಾಣದಿದ್ದರೆ ದುಡ್ಡು ವಾಪಸ್' ಎನ್ನುವ ಕಂಪನಿಗಳು ಉಂಟು. ಗೋವಾದಲ್ಲಿ 'ನೋ ಡಾಲ್ಫಿನ್, ನೋ ಪೇ' ಬೋರ್ಡು ನೋಡದವರು ಯಾರು? ಭಾಷೆ ಬೇರೆ, ವ್ಯಾಪಾರ ಒಂದೇ. ಕೇಳಲಿಕ್ಕೆ ಬಹಳ ಪ್ರಾಮಾಣಿಕ ಅನ್ನಿಸುತ್ತದೆ. ಸ್ವಲ್ಪ ಯೋಚಿಸಿ ಸ್ವಾಮಿ. ಒಂದೋ ಎರಡೋ ಗಂಟೆಯೊಳಗೆ ಪ್ರಾಣಿ ತೋರಿಸದಿದ್ದರೆ ಡೀಸೆಲ್ ಖರ್ಚೂ ಹುಟ್ಟದು ಅಂತಾದರೆ ಬೋಟಿನವನು ಏನು ಮಾಡಬೇಕು? ಒಬ್ಬನಿಗೆ ಕಂಡದ್ದು ರೇಡಿಯೋದಲ್ಲೋ ಫೋನಿನಲ್ಲೋ ಉಳಿದವರಿಗೆ ಗೊತ್ತಾಗುತ್ತದೆ. ಇದ್ದ ಬೋಟುಗಳೆಲ್ಲ ಆ ಒಂದೇ ಪ್ರಾಣಿಯ ಸುತ್ತ. ಅದು ಮುಳುಗಿದರೆ ಏಳುವ ಜಾಗ ಅಂದಾಜು ಮಾಡಿ ಅಲ್ಲಿಗೆ ಓಟ. ಮರಿ ಜೊತೆಗಿದ್ದರೆ ತಾಯಿಗೆ ಓಡಲಿಕ್ಕೂ ಆಗುವುದಿಲ್ಲ.

"ಕಾನೂನು ಇಲ್ವಾ?" ಅಂತೀರಿ. ಉಂಟು. ಅಲಾಸ್ಕಾದಲ್ಲಿ ಗೂನುಬೆನ್ನಿನ ತಿಮಿಂಗಿಲದಿಂದ 100 ಗಜ ದೂರ ಇರಬೇಕು ಅಂತ 2001ರಿಂದ ನಿಯಮ ಉಂಟು. ಆದರೆ ನೂರು ಗಜದಲ್ಲಿ ಒಂದು ಬೋಟು ನಿಂತರೂ ಸರಿ, ಹತ್ತು ನಿಂತರೂ ಸರಿ! ದೂರ ಸಾಲದು ಅಂತ ಕಲಿತವರೂ ಇದ್ದಾರೆ. ಸಿಯಾಟಲ್, ವಿಕ್ಟೋರಿಯಾ ಕಡೆಯ ಓರ್ಕಾ ಕುಟುಂಬಗಳಲ್ಲಿ ಸಾಲ್ಮನ್ ತಿಂದು ಬದುಕುವ ಒಂದು ಗುಂಪು ಈಗ 80ಕ್ಕಿಂತ ಕಡಿಮೆ ಉಳಿದಿದೆ. ಅವು ಮೀನು ಹುಡುಕುವುದು ಶಬ್ದದಿಂದ. ಎಂಜಿನ್ ಸದ್ದು ಜಾಸ್ತಿಯಾದರೆ ಊಟ ಸಿಗುವುದಿಲ್ಲ. ಹಾಗಾಗಿ ವಾಷಿಂಗ್ಟನ್ ರಾಜ್ಯ 2025ರ ಜನವರಿಯಿಂದ ಆ ಗುಂಪಿನಿಂದ 1,000 ಗಜ ದೂರ ಇರಬೇಕು ಅಂತ ಕಾನೂನು ಮಾಡಿತು. ಇಷ್ಟು ಕಡಿಮೆ ಆಗುವವರೆಗೆ ಕಾಯಬೇಕಿತ್ತಾ?

ತಿಮಿಂಗಿಲಕ್ಕೆ ಬೇರೆ ಕಷ್ಟಗಳು ಸಾಲದು ಅಂತಿಲ್ಲ. 2014ರಿಂದ 2016ರವರೆಗೆ ಉತ್ತರ ಪೆಸಿಫಿಕ್ ಕಡಲು ವಿಪರೀತ ಬಿಸಿಯಾಯಿತು, ಆಹಾರ ಕಡಿಮೆಯಾಯಿತು. 2012ರಲ್ಲಿ ಸುಮಾರು 33,000 ಎಂದು ಅಂದಾಜು ಮಾಡಿದ್ದ ಗೂನುಬೆನ್ನಿನ ತಿಮಿಂಗಿಲಗಳು 2021ರ ಹೊತ್ತಿಗೆ ಸುಮಾರು 26,600ಕ್ಕೆ ಇಳಿದವು. ಹೊಟ್ಟೆಗಿಲ್ಲದವರು ಊಟಕ್ಕೆ ಕೂತಾಗ ಸುತ್ತ ನಿಂತು ಫೋಟೋ ಹೊಡೆಯುವುದಕ್ಕೆ ಗ್ಯಾರಂಟಿ ಕೇಳುತ್ತಿದ್ದೇವೆ ನಾವು.

ಅಲಾಸ್ಕಾದ್ದು ಅಲ್ಲಿಯವರು ನೋಡಿಕೊಳ್ಳಲಿ ಅನ್ನುವವರಿಗೆ ನಮ್ಮ ಕಡಲಿನ ಕಥೆ ಹೇಳುತ್ತೇನೆ. ಗೋವಾ, ಕಾರವಾರ, ಗೋಕರ್ಣದಲ್ಲಿ ಬೋಟು ತೋರಿಸುವುದು ಹೆಚ್ಚಾಗಿ ಗೂನುಬೆನ್ನಿನ ಡಾಲ್ಫಿನ್. ಇದು ಜಾಗತಿಕ ಅಳಿವಿನಂಚಿನ ಪಟ್ಟಿಯಲ್ಲಿರುವ ಪ್ರಾಣಿ. ಇದರ ವಾಸ ದಡಕ್ಕೆ ಹತ್ತಿರದ, ಆಳ ಕಡಿಮೆ ಇರುವ ನೀರಿನಲ್ಲಿ, ಅದರಲ್ಲೂ ಅಳಿವೆಗಳ ಸುತ್ತಮುತ್ತ. ನಮ್ಮಲ್ಲಾದರೆ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯಂಥ ಜಾಗ. ಬೋಟು ಅಟ್ಟಿಸಿಕೊಂಡು ಬಂದರೆ ಆಳ ಕಡಲಿಗೆ ಹೋಗಿ ತಪ್ಪಿಸಿಕೊಳ್ಳುವ ಜಾತಿ ಇದಲ್ಲ. ಅದಕ್ಕಿರುವುದೇ ಆ ಒಂದು ಪಟ್ಟಿ ನೀರು. ಬಲೆ, ಟ್ರಾಲ್‌ಬೋಟು, ಬಂದರು, ನದಿಯಿಂದ ಬರುವ ಕೊಳಕು ಎಲ್ಲ ಇರುವುದೂ ಅದೇ ಪಟ್ಟಿಯಲ್ಲಿ. ಅದರ ಮೇಲೆ ನಮ್ಮ ವೀಕೆಂಡು!

ನಮ್ಮ ಕಾನೂನು ಈ ವಿಷಯದಲ್ಲಿ ಅಮೆರಿಕಕ್ಕಿಂತ ಹಿಂದಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಡಾಲ್ಫಿನ್ ಉಂಟು, ತಿಮಿಂಗಿಲ ಉಂಟು. ಅದೇ ಕಾಯ್ದೆಯಲ್ಲಿ 'ಬೇಟೆ' ಎಂಬ ಶಬ್ದದ ಅರ್ಥ ಓದಿ ನೋಡಿ. ಕೊಲ್ಲುವುದು, ಹಿಡಿಯುವುದರ ಜೊತೆಗೆ ಬೆನ್ನಟ್ಟುವುದು, ಅಟ್ಟುವುದೂ ಅದರಲ್ಲಿ ಸೇರಿದೆ. ಪ್ರವಾಸಿ ಬೋಟಿನ ಮೇಲೆ ಅದು ಹೇಗೆ ನಿಲ್ಲುತ್ತದೆ ಅಂತ ವಕೀಲರು ವಾದ ಮಾಡಲಿ. 2013ರಲ್ಲಿ ಡಾಲ್ಫಿನ್‌ಗಳನ್ನು ಕೊಳದಲ್ಲಿ ಕೂಡಿಹಾಕಿ ಆಟ ಆಡಿಸುವುದನ್ನು ಬೇಡ ಅಂದ ದೇಶ ಇದು. ಕೊಳದಲ್ಲಿ ತಪ್ಪಾದದ್ದು ಕಡಲಿನಲ್ಲಿ ಸರಿ ಹೇಗಾಗುತ್ತದೆ?

ಇನ್ನೂ ಒಂದು ಉಂಟು. ಪ್ರಪಂಚದ ಬೇರೆ ಕಡೆಯ ಗೂನುಬೆನ್ನಿನ ತಿಮಿಂಗಿಲಗಳು ವರ್ಷಾವರ್ಷ ಧ್ರುವದ ಕಡೆ ಹೋಗಿ ಬಂದರೆ, ಅರಬ್ಬೀ ಕಡಲಿನವು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ವರ್ಷವಿಡೀ ನಮ್ಮ ಕಡಲಿನಲ್ಲೇ. 1966ರಲ್ಲಿ ಸೋವಿಯತ್ ಹಡಗುಗಳು ಕಳ್ಳತನದಿಂದ ಇನ್ನೂರಕ್ಕೂ ಹೆಚ್ಚು ಕೊಂದವು. ಒಮಾನ್ ಕಡೆ ಲೆಕ್ಕಕ್ಕೆ ಸಿಕ್ಕಿದ್ದು ನೂರಕ್ಕಿಂತ ಕಡಿಮೆ. 2017ರಲ್ಲಿ ಒಮಾನಿನಲ್ಲಿ ಉಪಗ್ರಹ ಯಂತ್ರ ಅಂಟಿಸಿದ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಅರಬ್ಬೀ ಕಡಲು ದಾಟಿ ಗೋವಾ ಕಡೆ ಬಂದು, ನಮ್ಮ ಕರಾವಳಿಗುಂಟ ತೆಂಕಿಗೆ ಇಳಿದು ಹೋಯಿತು. ಅಲಾಸ್ಕಾಕ್ಕೆ ಹೋಗಿ ನೋಡುವ ಅದೇ ಜಾತಿಯ, ಅದಕ್ಕಿಂತ ಎಷ್ಟೋ ಅಪರೂಪದ ಪ್ರಾಣಿ! ಮಲ್ಪೆಯಲ್ಲಿ ಯಾರಿಗೂ ಸುದ್ದಿಯೇ ಇರಲಿಲ್ಲ. ಒಳ್ಳೆಯದೇ ಆಯಿತು ಅಂತ ನನಗನ್ನಿಸುತ್ತದೆ.

"ಬೋಟಿನವರ ಹೊಟ್ಟೆಪಾಡು?" ಈ ಮಾತು ನನಗೂ ಮುಖ್ಯ. ಅದಕ್ಕೇ ಹೇಳುತ್ತಿದ್ದೇನೆ, ಡಾಲ್ಫಿನ್ ಕಾಣದಿದ್ದರೂ ಅವನ ಬಾಡಿಗೆ ಪೂರ್ತಿ ಕೊಡಿ. ಬಲೆ ಹಾಕಿ ಬರಿಗೈಯಲ್ಲಿ ಬಂದ ನಾಡದೋಣಿಯವನಿಗೆ ಕಡಲು ಡೀಸೆಲ್ ದುಡ್ಡು ವಾಪಸ್ ಕೊಡುತ್ತದಾ? ಪ್ರಾಣಿ ಬರದ ದಿನದ ನಷ್ಟವನ್ನು ಅವನ ತಲೆಗೆ ಕಟ್ಟಿದವರು ನಾವು. ಅದನ್ನು ನಾವು ಹೊತ್ತರೆ ಅವನು ಎಂಜಿನ್ ನಿಲ್ಲಿಸಿ ಕಾಯುತ್ತಾನೆ. ನೀರಿನ ಗುಣ ಅವನಷ್ಟು ಬಲ್ಲವರು ಯಾರು?

"ಲಕ್ಷಗಟ್ಟಲೆ ಖರ್ಚು ಮಾಡಿ ಹೋಗ್ತೇವೆ, ಕಾಣದಿದ್ದರೆ?" ಕಾಣದಿದ್ದರೆ ಇಲ್ಲ. ಆಗುಂಬೆಗೆ ಸೂರ್ಯಾಸ್ತ ನೋಡ್ಲಿಕ್ಕೆ ಹೋಗಿ ಮೋಡ ನೋಡಿ ಬಂದವರು ಎಷ್ಟು ಜನ ಇಲ್ಲ? ಸೂರ್ಯನ ದುಡ್ಡು ವಾಪಸ್ ಕೇಳಿದವರನ್ನು ನಾನು ಕಂಡಿಲ್ಲ.

ಕೊನೆಗೆ ಬ್ಲಾಗು ಬರೆಯುವ ಮಿತ್ರರಿಗೆ. ನಮ್ಮ ಪ್ರವಾಸ ಕಥನಗಳನ್ನು ಓದಿಯೇ ಜನ ಬಂದರು ಆರಿಸುತ್ತಾರೆ. "ಕೈಗೆ ಸಿಗುವಷ್ಟು ಹತ್ತಿರ ಬಂತು!" ಅಂತ ಒಬ್ಬರು ಬರೆದರೆ, ಮುಂದಿನ ಹತ್ತು ಜನ ಬೋಟಿನವನಿಗೆ ಹೇಳುವುದು "ಇನ್ನೂ ಹತ್ತಿರ ಹೋಗಿ" ಅಂತ. ಹಾಗಾಗಿ ಇನ್ನು ಮೇಲೆ ಬರೆಯುವಾಗ ಇಷ್ಟನ್ನು ಬರೆಯಿರಿ: ಯಾವ ತಿಂಗಳು, ಪ್ರಾಣಿಯ ಸುತ್ತ ಎಷ್ಟು ಬೋಟು ಇತ್ತು, ನಿಮ್ಮ ಬೋಟಿನವನು ಎಂಜಿನ್ ನಿಲ್ಲಿಸಿದನಾ, ಪ್ರಾಣಿ ತಾನಾಗಿ ಹತ್ತಿರ ಬಂತಾ ಅಥವಾ ನೀವು ಹೋದದ್ದಾ. ಝೂಮ್ ಮಾಡಿ ತೆಗೆದ ಫೋಟೋ ಆದರೆ ಹಾಗಂತ ಹೇಳಿ. ಶೀರ್ಷಿಕೆಯಲ್ಲಿ '100% ಗ್ಯಾರಂಟಿ' ದಯವಿಟ್ಟು ಬೇಡ.

ಬೋಟ್ ಬುಕ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ: "ಪ್ರಾಣಿ ದೂರ ಹೋದರೆ ನೀವು ಏನು ಮಾಡುತ್ತೀರಿ? ಆಗಲೇ ನಾಲ್ಕು ಬೋಟು ಅಲ್ಲಿದ್ದರೆ ಏನು ಮಾಡುತ್ತೀರಿ?" "ಬಿಟ್ಟುಬಿಡುತ್ತೇವೆ" ಅಂದವನ ಬೋಟು ಹತ್ತಿ. ಅದು ಹೂನಾ ಆಗಲಿ, ಕಾರವಾರ ಆಗಲಿ, ಅದೇ ನಿಮ್ಮ ಬಂದರು.

ಒಪ್ಪದವರು ಧಾರಾಳವಾಗಿ ಬೈಯಿರಿ, ಉತ್ತರ ಕೊಡುತ್ತೇನೆ. ಏನಂತೀರಿ?