ಬೆತ್ತ ಕೊಟ್ಟಿರಿ, ಬದುಕು ಕೊಟ್ಟಿರಾ?

ಕನ್ನಡದ ತರುಣರೇ,

ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಆಫೀಸಿನ ಬಾಗಿಲಲ್ಲಿ ನಿಂತವನ ಮುಖವನ್ನು ಒಮ್ಮೆಯಾದರೂ ನೋಡಿದ್ದೀರಾ? ನಿದ್ದೆಗೆಟ್ಟ ಕಣ್ಣು, ಅಳತೆಗೆ ಹೊಂದದ ಯೂನಿಫಾರ್ಮು, ಕೈಯಲ್ಲೊಂದು ಬೆತ್ತ. ಬೆಂಗಳೂರನ್ನು ಕಳ್ಳಕಾಕರಿಂದ ಕಾಯುವ ಕೋಟೆ ಇದೇ ಅಂತೆ!

2013ರ ನವೆಂಬರ್ 19ರ ಬೆಳಿಗ್ಗೆ ಕಾರ್ಪೊರೇಷನ್ ವೃತ್ತದ ಎಟಿಎಂನಲ್ಲಿ ಹೆಣ್ಣುಮಗಳೊಬ್ಬಳ ಮೇಲೆ ಮಚ್ಚು ಬೀಸಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಅಲ್ಲಿ ಕಾವಲುಗಾರನೇ ಇರಲಿಲ್ಲ. ಕ್ಯಾಮೆರಾ ಇತ್ತು, ಚಿತ್ರ ತೆಗೆಯಿತು, ಮಚ್ಚು ಹಿಡಿದ ಕೈ ತಡೆಯಲಿಲ್ಲ. ಆರೋಪಿ ಸಿಕ್ಕಿದ್ದು 2017ರಲ್ಲಿ! 2025ರ ಜನವರಿ 16ರಂದು ಬೀದರಿನಲ್ಲಿ ಎಟಿಎಂಗೆ ಹಣ ತುಂಬಲು ಬಂದ ಸಿಬ್ಬಂದಿಗೆ ಹಾಡಹಗಲೇ ಗುಂಡಿಕ್ಕಿ ಪೆಟ್ಟಿಗೆ ಹೊತ್ತೊಯ್ದರು. ಸಂಬಳಕ್ಕೆ ದುಡಿಯುವವನ ಜೀವ ಹೋಯಿತು.

ಕಾನೂನು ಇಲ್ಲವೇ? ಇದೆ! ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆ 2005ರಲ್ಲೇ ಬಂತು. ಲೈಸೆನ್ಸ್ ಇಲ್ಲದೆ ಏಜೆನ್ಸಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾವಲುಗಾರನಿಗೆ 100 ಗಂಟೆ ಪಾಠ, 60 ಗಂಟೆ ಮೈದಾನದ ತರಬೇತಿ ಬೇಕೆಂದು 2006ರ ಕೇಂದ್ರ ಮಾದರಿ ನಿಯಮಗಳು ಹೇಳಿದವು.

ಏಜೆನ್ಸಿಗಳ ಬಿಲ್ ಬುಕ್ಕು, ಹಾಜರಿ ಪುಸ್ತಕ ಅಚ್ಚು ಹಾಕುವವನು ನಾನು. ನ್ಯಾಯವಾಗಿ ನಡೆಸುವ ಮಾಲೀಕರ ಗೋಳು ಒಂದೇ. ಕನಿಷ್ಠ ವೇತನ, ಪಿಎಫ್, ಇಎಸ್‌ಐ, ತರಬೇತಿ ಎಲ್ಲ ಲೆಕ್ಕ ಹಾಕಿ ಕೊಟೇಷನ್ ಕೊಟ್ಟರೆ ಅದು ಕಸದ ಬುಟ್ಟಿಗೆ! ಇವನ್ನೆಲ್ಲ ನುಂಗಿ ಕಡಿಮೆ ದರ ಬರೆದವನಿಗೆ ಗುತ್ತಿಗೆ! ಆಮೇಲೆ ಎಂಟು ಗಂಟೆಯ ಬದಲು ಹನ್ನೆರಡು ಗಂಟೆ ಡ್ಯೂಟಿ. ಬದಲಿ ಆಳು ಬರದಿದ್ದರೆ ಇಪ್ಪತ್ತನಾಲ್ಕು. ಅವನು ತೂಕಡಿಸಿದರೆ ಫೋಟೋ ತೆಗೆದು ವಾಟ್ಸಾಪಿಗೆ ಹಾಕುವವರು ಯಾರು? ನಾವೇ!

ಅವನಿಗಿರುವ ಅಧಿಕಾರವಾದರೂ ಏನು? ನೋಡಲು ಪೊಲೀಸ್, ಕಾನೂನಿನಲ್ಲಿ ನಿಮ್ಮ ನಮ್ಮಂಥ ಪ್ರಜೆ. ಕಣ್ಣೆದುರೇ ಜಾಮೀನಿಲ್ಲದ ಗಂಭೀರ ಅಪರಾಧ ನಡೆದರೆ ಹಿಡಿದು, ತಡಮಾಡದೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬಹುದು, ಅಷ್ಟೇ. ಹಾಗಾಗಿ ಅವನ ನಿಜವಾದ ಆಯುಧ ಬೆತ್ತವಲ್ಲ, ಬಾಯಿ. ಬೀದಿಯವರನ್ನು ಕೂಗಬೇಕು, ಠಾಣೆಗೆ ಸುದ್ದಿ ಮುಟ್ಟಿಸಬೇಕು. ಅದೇ 2006ರ ನಿಯಮ ಅವನಿಗೆ ಇಂಗ್ಲಿಷ್ ಅಕ್ಷರ ಓದಲು ಬರಬೇಕೆಂದಿತು. ಕಾಯುವ ಬೀದಿಯ ಭಾಷೆ ಬೇಡವೇ?

ಅಸ್ಸಾಮಿನಿಂದ, ಬಿಹಾರದಿಂದ ಹೊಟ್ಟೆಪಾಡಿಗೆ ಬಂದ ಹುಡುಗನ ಮೇಲೆ ರೇಗಬೇಡಿ. ನಮ್ಮ ರಾಯಚೂರು, ಯಾದಗಿರಿಯ ಹುಡುಗರದೂ ಅದೇ ಗೇಟು, ಅದೇ ಗೋಳು. ನಾಲ್ಕು ಮಾತು ಕನ್ನಡ ಕಲಿಸದೆ ಅವನನ್ನು ರಾತ್ರಿ ಕಾವಲಿಗೆ ನಿಲ್ಲಿಸಿದ ಏಜೆನ್ಸಿಯನ್ನು ಕೇಳಿ. ಅಗ್ಗ ಎಂದು ಅದನ್ನೇ ಆರಿಸಿದ ಅಸೋಸಿಯೇಷನ್ನನ್ನು ಕೇಳಿ.

ಮುಂದಿನ ಸಭೆಯಲ್ಲಿ ಎದ್ದು ನಿಲ್ಲಿ. ಲೈಸೆನ್ಸ್ ಎಲ್ಲಿ? ಫೋಟೋ ಇರುವ ಗುರುತಿನ ಚೀಟಿ ಎಲ್ಲಿ? ಪಿಎಫ್ ಕಟ್ಟಿದ ರಸೀದಿ ಎಲ್ಲಿ? ತರಬೇತಿ ಎಲ್ಲಿ? ಅದರಲ್ಲಿ ಕನ್ನಡ ಎಲ್ಲಿ? ಉತ್ತರ ಸಿಗುವವರೆಗೂ ಕೂರಬೇಡಿ!

ಕಾವಲುಗಾರನ ಹೊಟ್ಟೆಗೆ ಹೊಡೆದು ಉಳಿಸಿದ ಕಾಸು ಕೊನೆಗೆ ಕಳ್ಳನ ಜೇಬಿಗೇ ಹೋಗುತ್ತದೆ.