ಅಕಾರಾದಿ ಸೂಚಿಯೂ ಒಂದು ಕಾಯಕ

ಗ್ರಂಥದ ಕೊನೆಯಲ್ಲಿರುವ ಅಕಾರಾದಿ ಸೂಚಿಯತ್ತ ಓದುಗರ ಗಮನ ಹರಿಯುವುದು ವಿರಳ. ಆದರೆ ವಚನಸಾಗರಕ್ಕೆ ಇಳಿದವರಿಗೆ ಅದೇ ಹರಿಗೋಲು. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು 15. ಅವುಗಳಲ್ಲಿರುವ ವಚನಗಳು 20,000ಕ್ಕೂ ಮಿಗಿಲು. ಸೂಚಿಯಿಲ್ಲದೆ ಅವುಗಳಲ್ಲಿ ಬೇಕಾದುದನ್ನು ಅರಸುವುದೆಂತು?

ಇಂದು ವಚನಗ್ರಂಥಗಳು ಗಣಕವನ್ನೇರುತ್ತಿವೆ. ಹನಕೆರೆಯ ಭಕ್ತರೊಬ್ಬರು ಕುಳಿತಲ್ಲಿಯೇ ಮೊಬೈಲಿನಲ್ಲಿ ವಚನ ಓದಬಹುದು. ಆದರೆ ಅಲ್ಲಿ ಅಕ್ಷರದ ಗಾತ್ರ ಬದಲಾದೊಡನೆ ಪುಟವೂ ಬದಲಾಗುತ್ತದೆ. ಪುಟಸಂಖ್ಯೆಯನ್ನು ನೆಚ್ಚಿದ ಹಳೆಯ ಸೂಚಿ ನಿಷ್ಪ್ರಯೋಜಕವಾಗುತ್ತದೆ. ‘ಪದವನ್ನು ಹುಡುಕುವ ಸೌಲಭ್ಯವಿರುವಾಗ ಸೂಚಿ ಏಕೆ?’ ಎಂದು ಕೇಳುವವರುಂಟು. ‘ಅರಿವು’ ಎಂದು ಹುಡುಕಿದರೆ ‘ಅರಿದಡೆ’ ದೊರೆಯದು. ‘ಕಾಯ’ ಎಂದರೆ ‘ಕಾಯಕ’ವೂ ಬಂದು ನಿಲ್ಲುತ್ತದೆ. ‘ಬಯಲು’ ಒಂದೆಡೆ ಬರಿಯ ಮೈದಾನ, ಇನ್ನೊಂದೆಡೆ ಪರತತ್ತ್ವ. ಯಂತ್ರಕ್ಕೆ ಎರಡೂ ಒಂದೇ. ದಾಸೋಹದ ಮರ್ಮವನ್ನು ಹೇಳುವ ವಚನದಲ್ಲಿ ‘ದಾಸೋಹ’ ಎಂಬ ಪದವೇ ಇಲ್ಲದಿರಬಹುದು.

ಇದಕ್ಕೆ ಪರಿಹಾರವಾಗಿ ಎಕ್ಸ್‌ಎಂಎಲ್ ಪದ್ಧತಿಯಿದೆ. 1998ರಿಂದ ಮಾನ್ಯತೆ ಪಡೆದಿರುವ ಈ ಕ್ರಮದಲ್ಲಿ ಸೂಚಿಯ ಗುರುತನ್ನು ಪಠ್ಯದೊಳಗೆ, ಆಯಾ ವಚನದ ಬಳಿಯಲ್ಲಿಯೇ ಇಡಲಾಗುತ್ತದೆ. ‘ಬಯಲು’ ಮುಖ್ಯಪದ, ‘ಪರತತ್ತ್ವ’ ಉಪಪದ, ‘ಶೂನ್ಯವನ್ನೂ ನೋಡಿ’ ಎಂಬ ನಿರ್ದೇಶನ, ಹೀಗೆ. ಗುರುತು ಓದುಗರ ಕಣ್ಣಿಗೆ ಬೀಳದು. ಗಣಕವು ಅವೆಲ್ಲವನ್ನೂ ಕಲೆಹಾಕಿ, ಮುದ್ರಣದಲ್ಲಿ ಪುಟಸಂಖ್ಯೆಯನ್ನೂ ಪರದೆಯಲ್ಲಿ ಕೊಂಡಿಯನ್ನೂ ಒದಗಿಸುತ್ತದೆ. ಮುಂದಿನ ಆವೃತ್ತಿಯಲ್ಲಿ ವಚನ ಎಲ್ಲಿಗೆ ಸರಿದರೂ ಗುರುತು ಅದರೊಡನೆಯೇ ಸಾಗುತ್ತದೆ.

ಆದರೆ ಗುರುತಿಡುವವರಾರು? ‘ಅಲ್ಲಮಪ್ರಭು’, ‘ಪ್ರಭುದೇವ’ ಎಂದು ಎರಡು ಬಗೆಯಲ್ಲಿ ಗುರುತಿಟ್ಟರೆ ಯಂತ್ರವು ಒಬ್ಬ ಶರಣರನ್ನು ಇಬ್ಬರನ್ನಾಗಿಸುತ್ತದೆ. ವಚನವನ್ನು ಓದಿ, ಅರ್ಥೈಸಿ, ಇದು ಯಾವ ತತ್ತ್ವಕ್ಕೆ ಸೇರಿದುದೆಂದು ನಿರ್ಧರಿಸುವುದು ಮನುಷ್ಯನ ವಿವೇಕ. ಫ.ಗು. ಹಳಕಟ್ಟಿಯವರು 1923ರ ‘ವಚನಶಾಸ್ತ್ರಸಾರ’ದಲ್ಲಿ ವಚನಗಳನ್ನು ವಿಷಯಾನುಸಾರ ಜೋಡಿಸಿದ್ದು ಇದೇ ವಿವೇಕದಿಂದ.

ಆದುದರಿಂದ ಗ್ರಂಥಗಳನ್ನು ಗಣಕಕ್ಕೆ ಏರಿಸುವ ಮಠ-ಸಂಸ್ಥೆಗಳು ಅಕ್ಷರಜೋಡಣೆ ಮುಗಿದೊಡನೆ ಕಾರ್ಯ ಮುಗಿಯಿತೆಂದು ಭಾವಿಸಬಾರದು. ಸೂಚಿಯಿಲ್ಲದ ಸಂಗ್ರಹದಿಂದ ಯಾರು ಬೇಕಾದರೂ ಒಂದು ಸಾಲನ್ನು ಕಿತ್ತು ತಮ್ಮ ವಾದಕ್ಕೆ ಬಳಸಬಹುದು. ಅದೇ ತತ್ತ್ವವನ್ನು ಕುರಿತ ಉಳಿದ ವಚನಗಳು ಕಣ್ಮರೆಯಾಗಿಯೇ ಉಳಿಯುತ್ತವೆ. ಅವೆಲ್ಲವನ್ನೂ ಒಟ್ಟಿಗೆ ಓದುಗರ ಮುಂದಿಡುವುದು ಒಳ್ಳೆಯ ಸೂಚಿ. ಅದನ್ನು ಸಿದ್ಧಪಡಿಸುವವರ ಹೆಸರು ಬೆಳಕಿಗೆ ಬಾರದಿರಬಹುದು. ಆದರೂ ಅದು ಶ್ರದ್ಧೆ ಬೇಡುವ ಕಾಯಕವೇ.